ಎಕರೆ ಲೆಕ್ಕ ಬಿಟ್ಟು ಕ್ರೇಟಿನ ಲೆಕ್ಕ

ಟೊಮೆಟೊ ಬೆಳೆದವರನ್ನು ಎಷ್ಟು ಉಳಿಯಿತೆಂದು ಕೇಳಿದರೆ ‘ಎಕರೆಗೆ ಲಕ್ಷ ಹಾಕಿದ್ದೆ, ಎರಡು ಲಕ್ಷ ಬಂತು’ ಎನ್ನುತ್ತಾರೆ. ಹಂಗಾಮು ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಮಾತಾಡಲು ಇಷ್ಟು ಸಾಕು. ಆದರೆ ನಾಳೆ ಬೆಳಿಗ್ಗೆ ಹಣ್ಣು ಬಿಡಿಸಬೇಕೋ ಬೇಡವೋ, ಗಾಡಿ ಕೊಪ್ಪಳಕ್ಕೋ ಹೈದರಾಬಾದಿಗೋ, ಗಿಡ ಯಾವಾಗ ತೆಗೆಯಬೇಕು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಅದಕ್ಕೆ ನಾನು ವಹಿಯಲ್ಲಿ ಎರಡು ಪುಟ ಇಡುತ್ತೇನೆ. ಒಂದರಲ್ಲಿ ಮೊದಲ ಹಣ್ಣು ಬಿಡಿಸುವವರೆಗೆ ಹೊಲಕ್ಕೆ ಹಾಕುವ ಖರ್ಚು, ಅಂದರೆ ಲಾಗೋಡು; ಇನ್ನೊಂದರಲ್ಲಿ ಹಣ್ಣು ಬಿಡಿಸಿದ ಮೇಲೆ ಕ್ರೇಟಿಗೆ ಬೀಳುವ ಖರ್ಚು. ಕೆಳಗಿನ ದರಗಳು ಕೊಪ್ಪಳ ತಾಲ್ಲೂಕಿನ ಕೆಂಪು ಮಸಾರಿ ಮಣ್ಣಿನ ನನ್ನ ಹೊಲದವು. ನಿಮ್ಮ ಊರಿನ ಕೂಲಿ, ಬಾಡಿಗೆ ಹಾಕಿಕೊಂಡು ಇದೇ ದಾರಿಯಲ್ಲಿ ಲೆಕ್ಕ ಮಾಡಿ.

ಮೊದಲ ಪುಟ ಅಳತೆಯಿಂದ ಶುರುವಾಗುತ್ತದೆ. ಸಾಲಿನಿಂದ ಸಾಲಿಗೆ 5 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಎಕರೆಗೆ 43,560 ಚದರ ಅಡಿ ಇರುವುದರಿಂದ 5,808 ಗಿಡ ಹಿಡಿಯುತ್ತವೆ. ಸತ್ತ ಕಡೆ ಹಚ್ಚಲು ಸೇರಿಸಿ 6,100 ಸಸಿ ಹೇಳಿರಬೇಕು. ಸಾಲುಗಳ ಒಟ್ಟು ಉದ್ದ 8,712 ಅಡಿ, ಅಂದರೆ ಸುಮಾರು 2,655 ಮೀಟರ್. ಈ ಒಂದು ಅಂಕಿ ಸಿಕ್ಕರೆ ಅಂಗಡಿಯವನು ಹೇಳಿದಷ್ಟು ತರಬೇಕಿಲ್ಲ. 16 ಎಂಎಂ ಡ್ರಿಪ್ ಪೈಪು ಅಷ್ಟೇ ಮೀಟರ್, ಮಡಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯ, ಅಂದರೆ ಮಲ್ಚಿಂಗಿನ, 400 ಮೀಟರಿನ ರೋಲು 7, ಹತ್ತು ಅಡಿಗೊಂದರಂತೆ ತುದಿಯವೂ ಸೇರಿ 900 ಗೂಟ, 2 ಎಂಎಂ ತಂತಿ ಒಂದೆಳೆಗೆ 65 ಕೆಜಿ.

ಇನ್ನು ರೂಪಾಯಿ. ಟ್ರ್ಯಾಕ್ಟರ್ ಬಾಡಿಗೆ, ಮಡಿ ಏರಿಸುವುದು ಸೇರಿ 7,000. ತಿಪ್ಪೆ ಗೊಬ್ಬರ ಐದು ಟ್ರಾಲಿ 15,000. ಬುಡಗೊಬ್ಬರ ಮತ್ತು ಬೇವಿನ ಹಿಂಡಿ 6,000. ಮಲ್ಚಿಂಗ್ 14,000. ಸಸಿ 7,320, ಹಚ್ಚುವ ಕೂಲಿ 2,800. ಗೂಟ 22,500, ಆದರೆ ಮೂರು ಬೆಳೆ ಬರುವುದರಿಂದ ಈ ಬೆಳೆಯ ಪಾಲು 7,500. ತಂತಿಯ ಪಾಲು ಹಾಗೆಯೇ 2,000. ಸುತಳಿ 3,000. ಕಟ್ಟುವ, ಚಿಗುರು ತೆಗೆಯುವ 30 ಆಳು 10,500. ಡ್ರಿಪ್ ಸವಕಳಿ 4,000. ನೀರಿನಲ್ಲಿ ಬಿಡುವ ಗೊಬ್ಬರ 12,000. ಔಷಧ ಮತ್ತು ಹೊಡೆಯುವ ಕೂಲಿ 20,000. ಕಳೆ, ಇತರೆ 5,000. ಇದಕ್ಕೆ ಅರ್ಧ ವರ್ಷದ ಲಾವಣಿ, ಅಂದರೆ ಹೊಲದ ಗೇಣಿ, 12,000 ಸೇರಿಸುತ್ತೇನೆ. ಸ್ವಂತ ಹೊಲಕ್ಕೆ ಎಂಥ ಲಾವಣಿ ಎಂದು ಅನೇಕರು ಬಿಡುತ್ತಾರೆ. ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ ದುಡ್ಡು ಅದು, ಬಿಟ್ಟರೆ ನಮಗೆ ನಾವೇ ಸುಳ್ಳು ಹೇಳಿಕೊಂಡಂತೆ. ಒಟ್ಟು 1,28,000 ರೂಪಾಯಿ ಹಿಡಿಯಿರಿ.

ಮಾರುವಂಥ ಹಣ್ಣು 20 ಟನ್ ಬಂದರೆ 25 ಕೆಜಿಯ 800 ಕ್ರೇಟು. ಕ್ರೇಟಿಗೆ 160 ರೂಪಾಯಿ ಲಾಗೋಡು ಬಿತ್ತು. ಬೆಳೆ ಕೈಕೊಟ್ಟು 12 ಟನ್ನಿಗೆ ಇಳಿದರೆ 480 ಕ್ರೇಟು, ಅದೇ ಲಾಗೋಡು 267 ಆಗುತ್ತದೆ. ಧಾರಣೆಗಿಂತ ಇಳುವರಿಯೇ ಹೆಚ್ಚು ಜನರನ್ನು ಮುಳುಗಿಸುವುದು, ಬೈಸಿಕೊಳ್ಳುವುದು ಮಾತ್ರ ಧಾರಣೆ.

ಎರಡನೇ ಪುಟ. ಭರ್ತಿ ಕೊಯ್ಲಿನಲ್ಲಿ ಒಬ್ಬ ಹೆಣ್ಣಾಳು ಬಿಡಿಸಿ, ಆರಿಸಿ, ತುಂಬುವುದು ದಿನಕ್ಕೆ 10 ಕ್ರೇಟು. ಕೂಲಿ 350 ಇದ್ದರೆ ಕ್ರೇಟಿಗೆ 35. ರಸ್ತೆಗೆ ಹೊತ್ತು ಗಾಡಿಗೆ ಹೇರಲು 5, ಸಮೀಪದ ಪೇಟೆಗೆ ಬಾಡಿಗೆ 10, ಹಮಾಲಿ 5, ಕ್ರೇಟಿನ ಬಾಡಿಗೆ ಮತ್ತು ಕಳೆದುಹೋಗುವುದು 5. ಒಟ್ಟು 60. ಇದರ ಮೇಲೆ ದಲಾಲಿ ನೂರಕ್ಕೆ 10, ಸೂಟು ಎಂದು ದುಡ್ಡಿಲ್ಲದೆ ಹೋಗುವುದು ನೂರು ಕ್ರೇಟಿಗೆ 4. ಕಾಯ್ದೆ ಪ್ರಕಾರ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ಬೆಳೆದವನಲ್ಲ. ಆದರೂ ದಲಾಲರು ಬರೆದುಕೊಡುವ ನನ್ನ ಮಾರಾಟದ ಪಟ್ಟಿಗಳಲ್ಲಿ ಅದು ಕಡಿತವಾಗಿಯೇ ಬಂದಿದೆ. ಲೆಕ್ಕಕ್ಕೆ ಹಿಡಿಯದೆ ಬೇರೆ ದಾರಿಯಿಲ್ಲ. ಎರಡೂ ಕಳೆದರೆ ಹರಾಜಿನಲ್ಲಿ ಕೂಗಿದ ಧಾರಣೆಯ ನೂರು ರೂಪಾಯಿಯಲ್ಲಿ ಕೈಗೆ ಬರುವುದು 86 ರೂಪಾಯಿ 40 ಪೈಸೆ.

ಈಗ ಎರಡು ಗೆರೆ ಎಳೆಯಬಹುದು. ಕ್ರೇಟಿಗೆ 70 ಕೂಗಿದರೆ ಕೈಗೆ 60 ಬರುತ್ತದೆ, ಬಿಡಿಸಿದ ಖರ್ಚಿಗೆ ಸರಿಹೋಯಿತು. ಇದು ಕೆಳಗಿನ ಗೆರೆ. ಲಾಗೋಡಿನ 160 ಕೂಡ ಹುಟ್ಟಬೇಕಾದರೆ 255 ಕೂಗಬೇಕು, ಅಂದರೆ ಕೆಜಿಗೆ 10 ರೂಪಾಯಿ ಚಿಲ್ಲರೆ. ಇದು ಮೇಲಿನ ಗೆರೆ. ಧಾರಣೆ 150 ಇದ್ದಾಗ ‘ನಷ್ಟ, ಬಿಡಿಸುವುದೇ ಬೇಡ’ ಎಂದು ಹಣ್ಣು ಕೊಳೆಯಲು ಬಿಡುವುದು ತಪ್ಪು. ಲಾಗೋಡು ಆಗಲೇ ಮಣ್ಣಿಗೆ ಹೋಗಿದೆ, ಬಿಡಿಸಿದರೂ ಹೋಗಿದೆ, ಬಿಟ್ಟರೂ ಹೋಗಿದೆ. ಬಿಡಿಸಿದರೆ ಕ್ರೇಟಿಗೆ 70 ರೂಪಾಯಿಯಷ್ಟು ವಾಪಸಾಗುತ್ತದೆ. ಹಾಗೆಯೇ 60 ಕೂಗುವಾಗ ಹೊಟ್ಟೆ ಉರಿದು ಬಿಡಿಸಿದರೆ ಕೈಯಿಂದ ಕೂಲಿ ಕೊಡಬೇಕಾಗುತ್ತದೆ.

ಕೆಳಗಿನ ಗೆರೆ ಒಂದೇ ಕಡೆ ನಿಲ್ಲುವುದಿಲ್ಲ. ಗಿಡ ಸೋತ ಮೇಲೆ ಹಣ್ಣು ಸಣ್ಣ, ಅಲ್ಲೊಂದು ಇಲ್ಲೊಂದು. ಅದೇ ಆಳು ದಿನಕ್ಕೆ 5 ಕ್ರೇಟು ತುಂಬಿದರೆ ಹೆಚ್ಚು. ಬಿಡಿಸುವ ಕೂಲಿಯೇ 70, ಒಟ್ಟು 95, ಕೂಗಬೇಕಾದದ್ದು 110. ಜೊತೆಗೆ ವಾರಕ್ಕೆ 2,500 ರೂಪಾಯಿಯ ಔಷಧ ಗೊಬ್ಬರ ನಡೆದೇ ಇರುತ್ತದೆ. ವಾರಕ್ಕೆ 60 ಕ್ರೇಟು ಬಂದರೆ ಕ್ರೇಟಿಗೆ ಇನ್ನೂ 42 ರೂಪಾಯಿ. ಆಗ ಧಾರಣೆ 160 ದಾಟಿದರೆ ಮಾತ್ರ ಬೆಳೆ ಮುಂದುವರಿಸುವುದು. ಇಲ್ಲವಾದರೆ ಔಷಧ ನಿಲ್ಲಿಸಿ, ಇದ್ದ ಹಣ್ಣು ಬಿಡಿಸಿ, ಹೊಲ ಖಾಲಿ ಮಾಡುವುದು.

ದೂರದ ಪೇಟೆಯ ಆಸೆಯನ್ನೂ ಹೀಗೇ ತೂಗಬೇಕು. ಇಲ್ಲಿ 200, ಹೈದರಾಬಾದಿನಲ್ಲಿ 260 ಎಂದು ಫೋನ್ ಬಂತೆನ್ನಿ. ಇಲ್ಲಿ ಕೈಗೆ 173 ಬಂದು, 60 ಹೋಗಿ, 113 ಉಳಿಯುತ್ತದೆ. ಅಲ್ಲಿಗೆ ಬಾಡಿಗೆ 35 ಹೆಚ್ಚು, ದಾರಿಯಲ್ಲಿ ನೂರಕ್ಕೆ 5 ಕೊಳೆ. ಕೈಗೆ 213, ಖರ್ಚು 95, ಉಳಿಯುವುದು 118. ಅರವತ್ತು ರೂಪಾಯಿ ಹೆಚ್ಚು ಧಾರಣೆಗೆ ಐದು ರೂಪಾಯಿ ಲಾಭ, ಅದೂ ಮರುದಿನ ಬೆಳಿಗ್ಗೆ ಗಾಡಿ ಮುಟ್ಟುವ ಹೊತ್ತಿಗೆ ಅದೇ ಧಾರಣೆ ಇದ್ದರೆ. ಕಳಿಸುವುದೇ ಆದರೆ ಬಣ್ಣ ಈಗಷ್ಟೇ ತಿರುಗಿದ ಹಣ್ಣು ಕಳಿಸಬೇಕು. ಪೂರ್ತಿ ಕೆಂಪಾದದ್ದು ಕೊಪ್ಪಳ, ಹೊಸಪೇಟೆಗೇ ಸರಿ.

ಊರಲ್ಲಿ ಕೆಜಿಗೆ 20 ಮಾರುತ್ತಿದ್ದಾರೆ, ನಮಗೇಕೆ ಇಷ್ಟು ಎಂದು ಎಲ್ಲರೂ ಕೇಳುತ್ತಾರೆ. ಗಿರಾಕಿ ಟೊಮೆಟೊಗೆ ಕೊಟ್ಟ ನೂರು ರೂಪಾಯಿಯಲ್ಲಿ ಬೆಳೆದವನಿಗೆ ಮುಟ್ಟುವುದು ಸುಮಾರು 33 ಎಂದು ರಿಸರ್ವ್ ಬ್ಯಾಂಕಿನ 2024ರ ಅಧ್ಯಯನ ಹೇಳುತ್ತದೆ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಆ ಲೆಕ್ಕದಲ್ಲಿ 20 ರೂಪಾಯಿಯ ಹಣ್ಣಿಗೆ ನಮ್ಮ ಕ್ರೇಟು 165. ಮೇಲಿನ ಗೆರೆ 255 ಎಂಬುದು ನೆನಪಿರಲಿ.

ದಲಾಲರ ಮುಂಗಡಕ್ಕೆ ಬಡ್ಡಿ ಬರೆಯುವುದಿಲ್ಲ, ಹಣ್ಣು ಅವರಿಗೇ ಹಾಕಬೇಕು ಅಷ್ಟೆ. ಬಡ್ಡಿ ಧಾರಣೆಯೊಳಗೆ ಕೂತಿರುತ್ತದೆ. 50,000 ತಂದು, ಅದೇ ದಿನ ಅದೇ ಮಾಲಿಗೆ ಪಕ್ಕದ ಅಂಗಡಿಗಿಂತ ಕ್ರೇಟಿಗೆ 10 ಕಡಿಮೆ ಬಿದ್ದರೆ 800 ಕ್ರೇಟಿಗೆ 8,000. ನಾಲ್ಕು ತಿಂಗಳಿಗೆ ನೂರಕ್ಕೆ 16, ಅಂದರೆ ತಿಂಗಳಿಗೆ 4. ಸಹಕಾರಿ ಸೊಸೈಟಿಯಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆ ಸಾಲ ಇರುವಾಗ ಇದು ದುಬಾರಿ. ಪಟ್ಟಿಗಳನ್ನು ತಾರೀಖಿನ ಪ್ರಕಾರ ದಾರಕ್ಕೆ ಪೋಣಿಸಿಡಿ, ಪಕ್ಕದಲ್ಲಿ ಎಪಿಎಂಸಿಯ ಅಂದಿನ ಧಾರಣೆ ಬರೆಯಿರಿ. ಹತ್ತು ಪಟ್ಟಿಯಾಗುವಷ್ಟರಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಇಳುವರಿ ಎಲ್ಲಿ ಸೋರುತ್ತದೆ ಎಂಬುದೂ ಹಣದ ಮಾತೇ. ಎಲೆ ಮುದುಡು ರೋಗ ಮೊದಲ 40 ದಿನದಲ್ಲಿ ಬಂದ ಗಿಡ ಹಣ್ಣು ಕೊಡುವುದಿಲ್ಲ, ಆ ರೋಗವನ್ನು ಬಿಳಿನೊಣ ಹರಡುತ್ತದೆ. ಕಂಡಕೂಡಲೇ ಕಿತ್ತು ಹೂಳುವುದು. ಸತ್ತ ಕಡೆ ಮರುಸಸಿ ಹತ್ತು ದಿನದೊಳಗೆ ಹಚ್ಚಿದರೆ ಉಂಟು, ಆಮೇಲೆ ಪಕ್ಕದ ಗಿಡದ ನೆರಳಲ್ಲಿ ಏಳುವುದಿಲ್ಲ. ಹಣ್ಣಿನ ತುದಿ ಕಪ್ಪಾಗುವುದಕ್ಕೆ ಔಷಧದ ಅಂಗಡಿಗೆ ಓಡುವ ಮೊದಲು ನೀರು ನೋಡಿ. ಒಂದು ದಿನ ಒಣಗಿಸಿ ಮರುದಿನ ತುಂಬಿಸಿದರೆ ಸುಣ್ಣದಂಶ ಹಣ್ಣಿಗೆ ಏರುವುದಿಲ್ಲ. 40 ಸೆಂಟಿಮೀಟರಿಗೊಂದು, ಗಂಟೆಗೆ 2 ಲೀಟರಿನ ತೂತುಗಳಿದ್ದರೆ ಎಕರೆಗೆ ಗಂಟೆಗೆ 13,000 ಲೀಟರ್ ಬೇಕು. 200 ಲೀಟರ್ ಡ್ರಮ್ ತುಂಬಲು ನಿಮ್ಮ ಬೋರಿಗೆ 144 ಸೆಕೆಂಡು ಹಿಡಿದರೆ ಅದು ಕೊಡುವುದು ಗಂಟೆಗೆ 5,000. ಎಕರೆಯನ್ನು ಮೂರು ಭಾಗ ಮಾಡಿ ವಾಲ್ವ್ ಹಾಕದಿದ್ದರೆ ಕೊನೆಯ ಸಾಲುಗಳು ಸದಾ ಬಾಯಾರಿ ಇರುತ್ತವೆ. ಕಪ್ಪು ತುದಿ ಹೆಚ್ಚು ಕಾಣುವುದೂ ಅಲ್ಲೇ.

ಬೇಸಿಗೆ ಟೊಮೆಟೊ ಚಿನ್ನ ಎನ್ನುವುದುಂಟು. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಹೂ ಉದುರುತ್ತದೆ, ರಾತ್ರಿಯೂ ತಂಪಾಗುವುದಿಲ್ಲ. ಜುಲೈನಲ್ಲಿ ಧಾರಣೆ ಏರುವುದೇ ಯಾರಲ್ಲೂ ಹಣ್ಣಿಲ್ಲದ ಕಾರಣಕ್ಕೆ, ನಮ್ಮಲ್ಲೂ ಇರುವುದಿಲ್ಲ. ಎರಡು ಎಕರೆಯನ್ನು ಒಂದೇ ದಿನ ಹಚ್ಚುವುದು ಬಿಟ್ಟು 25 ದಿನಕ್ಕೊಮ್ಮೆ ಅರ್ಧರ್ಧ ಎಕರೆ ಹಚ್ಚಿದರೆ ಒಂದು ತುಂಡಿಗಾದರೂ ಒಳ್ಳೆ ಧಾರಣೆ ಸಿಗುತ್ತದೆ, ಆಳಿನ ಗದ್ದಲವೂ ಕಡಿಮೆ. ಕುಷ್ಟಗಿ, ಯಲಬುರ್ಗಾ ಕಡೆಯ ಈರುಳ್ಳಿಯವರಿಗೆ ಮಳೆ, ಧಾರಣೆಯ ಜೊತೆಗೆ ದೆಹಲಿಯ ಆದೇಶವೂ ಸೇರಿಕೊಳ್ಳುತ್ತದೆ. 2023ರ ಡಿಸೆಂಬರ್ 8ರಂದು ನಿಂತ ಈರುಳ್ಳಿ ರಫ್ತು 2024ರ ಮೇ ತಿಂಗಳವರೆಗೆ ತೆರೆಯಲಿಲ್ಲ. ಆ ಅಪಾಯವನ್ನು ಯಾವ ವಹಿಯಲ್ಲೂ ಬರೆಯಲಾಗದು.

ಟೊಮೆಟೊ ಮುಗಿದ ಮೇಲೆ ಅದೇ ಮಲ್ಚಿಂಗ್, ಅದೇ ತಂತಿಗೆ ಹೀರೇಕಾಯಿ ಹತ್ತಿಸಿದರೆ ಮಲ್ಚಿಂಗಿನ 7,000 ಅದರ ತಲೆಗೆ ಹೋಗುತ್ತದೆ, ಟೊಮೆಟೊ ಕ್ರೇಟಿನಲ್ಲಿ ಸುಮಾರು 9 ರೂಪಾಯಿ ಇಳಿಯಿತು. ಇದಕ್ಕೆ ಹಳೇ ಗಿಡ ಕೀಳಿಸಬಾರದು, ಬುಡಕ್ಕೆ ಕುಡುಗೋಲು ಹಾಕಿಸಬೇಕು. ಕಿತ್ತರೆ ಬೇರಿನ ಜೊತೆ ಹಾಳೆ ಹರಿದು, ಡ್ರಿಪ್ ಪೈಪು ಮೇಲೆದ್ದು ಬರುತ್ತದೆ. ಹೀರೆ ಬೀಜವನ್ನು ಹಳೇ ತೂತಿನಲ್ಲಿ ಊರದೆ, ಎರಡು ತೂತಿನ ನಡುವೆ ಹೊಸದು ಮಾಡಿ ಊರುವುದು.