ಬಾಚಣಿಗೆಗೂ ಒಂಟಿತನಕ್ಕೂ ಬೆದರುವ ಎಳೆನಾಯಿ: ಧೈರ್ಯ ಕಲಿಸುವುದು ಹೇಗೆ?

ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆ ಬೆಂಗಳೂರಿಗೆ ಕೆಲಸಕ್ಕೆ ಹೊರಟು ರಾತ್ರಿ ಮರಳುವವರ ಮನೆಯಲ್ಲಿ ಎಳೆಯ ನಾಯಿ ವಾರವಿಡೀ ಒಂಟಿಯಾಗಿರುತ್ತದೆ. ಭಾನುವಾರ ಬಂದರೆ ಸ್ನಾನ, ಬಾಚುವುದು, ಉಗುರು ಕತ್ತರಿಸುವುದು ಎಲ್ಲವೂ ಒಂದೇ ಪಟ್ಟಿಗೆ ಅದರ ಮೇಲೆ ಬೀಳುತ್ತವೆ. ಬಿಟ್ಟುಹೋಗುವ ಭಯ, ಹಿಡಿದು ಅದುಮುವ ಭಯ ಎರಡಕ್ಕೂ ದಾರಿ ಒಂದೇ: ನಾಯಿ ಬೆದರುವ ಮಟ್ಟಕ್ಕಿಂತ ಕೆಳಗೇ ಅಭ್ಯಾಸ ಆರಂಭಿಸಿ, ಆ ಮಟ್ಟವನ್ನು ಇಷ್ಟಿಷ್ಟಾಗಿ ಏರಿಸುವುದು.

ಮೊದಲು ಆ ಮಟ್ಟವನ್ನು ಗುರುತಿಸಬೇಕು. ತಿನಿಸಿಲ್ಲದಿದ್ದರೂ ತುಟಿ ನೆಕ್ಕುವುದು, ನಿದ್ದೆಯಿಲ್ಲದ ಆಕಳಿಕೆ, ಹಿಂದಕ್ಕೆ ಮಡಿಸಿದ ಕಿವಿ, ಕಣ್ಣಿನ ಬಿಳಿ ಕಾಣುವಂಥ ಓರೆನೋಟ ಇವು ಭಯದ ಲಕ್ಷಣಗಳು. ಗುರುಗುಟ್ಟಿದರೆ ಗದರಬಾರದು; ಗದರಿಸಿ ಅದನ್ನು ಬಿಡಿಸಿದರೆ ನಾಯಿ ಮುಂದೊಮ್ಮೆ ಸೂಚನೆ ಕೊಡದೆಯೇ ಕಚ್ಚಬಹುದು. ಕಿವಿಯ ಸೋಂಕು, ಚರ್ಮದ ಗಾಯ, ಬೆರಳ ಸಂದಿಯ ಉಣ್ಣೆಗಳೂ ಮುಟ್ಟಗೊಡದಿರಲು ಕಾರಣವಾಗುವುದರಿಂದ ಪಶುವೈದ್ಯರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಹೆಚ್ಚು ತಾಳ್ಮೆ ಬೇಡುವುದು ಉಗುರಿನ ಕೆಲಸ. ಕತ್ತರಿಯನ್ನು ನೆಲದ ಮೇಲಿಟ್ಟು, ನಾಯಿ ಅದನ್ನು ಮೂಸಿದಾಗ ತಿನಿಸು ಕೊಡಿ. ಆಮೇಲೆ ಭುಜದಿಂದ ಪಾದದವರೆಗೆ ಕೈ ಜಾರಿಸುವುದು, ಬೆರಳು ಒತ್ತುವುದು, ಕತ್ತರಿಯನ್ನು ಉಗುರಿಗೆ ತಾಗಿಸುವುದು, ಹೀಗೆ ಒಂದೊಂದನ್ನೂ ಬೇರೆ ಬೇರೆ ದಿನ ರೂಢಿಸಿ, ಪ್ರತಿ ಸ್ಪರ್ಶದ ನಂತರ ತಿನಿಸು ಸಿಗುವಂತೆ ನೋಡಿಕೊಳ್ಳಿ. ದಿನಕ್ಕೊಂದೇ ಉಗುರಾದರೂ ಸಾಕು. ಉಗುರಿನೊಳಗೆ ರಕ್ತನಾಳವೂ ನರವೂ ಇವೆ. ಬಿಳಿ ಉಗುರಿನಲ್ಲಿ ಅದು ನಸುಗೆಂಪಾಗಿ ಕಾಣುತ್ತದೆ. ಕಪ್ಪು ಉಗುರನ್ನು ತೆಳುವಾಗಿ ಕತ್ತರಿಸುತ್ತ, ಕತ್ತರಿಸಿದ ಮುಖದ ನಡುವೆ ಕಪ್ಪು ಚುಕ್ಕೆ ಮೂಡಿದೊಡನೆ ನಿಲ್ಲಿಸಬೇಕು.

ತಿನಿಸಿಗೆ ಉಪ್ಪು, ಮಸಾಲೆಯಿಲ್ಲದೆ ಬೇಯಿಸಿದ ಕೋಳಿ ಮಾಂಸದ ಚೂರು ಸಾಕು. ದ್ರಾಕ್ಷಿ ಬೆಳೆಯುವ ಈ ಸೀಮೆಯಲ್ಲಿ ಮುಖ್ಯವಾಗಿ ಹೇಳಬೇಕಾದ ಮಾತೆಂದರೆ, ದ್ರಾಕ್ಷಿಯಾಗಲಿ ಒಣದ್ರಾಕ್ಷಿಯಾಗಲಿ ನಾಯಿಗೆ ಕೊಡಲೇಬಾರದು. ಅದರಿಂದ ಮೂತ್ರಪಿಂಡ ಕೆಡಬಹುದು. ಸ್ನಾನದ ಭಯ ಎಷ್ಟೋ ವೇಳೆ ಜಾರುವ ನೆಲದ ಭಯವಾಗಿರುತ್ತದೆ. ಗೋಣಿಚೀಲ ಹಾಸಿ, ಉಗುರುಬೆಚ್ಚಗಿನ ನೀರನ್ನು ಪಾದದಿಂದ ಮೇಲಕ್ಕೆ ಹಾಕಿ.

ಒಂಟಿತನದ ಅಭ್ಯಾಸ ಬಾಗಿಲಿನಿಂದಲ್ಲ, ಬೀಗದ ಕೈಯಿಂದ ಆರಂಭವಾಗುತ್ತದೆ. ಹೆಲ್ಮೆಟ್, ಚಪ್ಪಲಿ, ಬೀಗದ ಕೈ ಕಂಡೊಡನೆ ಚಡಪಡಿಸುವ ನಾಯಿಯ ಮುಂದೆ ಅವನ್ನು ಆಗಾಗ ಎತ್ತಿಕೊಂಡು, ಹೊರಡದೆ ಕುರ್ಚಿಯಲ್ಲಿ ಕುಳಿತುಬಿಡಿ. ಅದು ತಲೆಯೆತ್ತಿ ನೋಡುವುದನ್ನೂ ಬಿಟ್ಟಮೇಲೆ ಹೊರಗೆ ಹೋಗಿ ಬಾಗಿಲು ಮುಚ್ಚಿ, ಕುಂಯ್‌ಗುಡುವ ಮೊದಲೇ ಮರಳಿ ಬನ್ನಿ. ಸಮಯವನ್ನು ಒಂದೇ ಸಮನೆ ಹೆಚ್ಚಿಸುವ ಬದಲು 5 ಸೆಕೆಂಡು, 10, ಮತ್ತೆ 3, ಆಮೇಲೆ 20 ಎಂದು ಏರಿಳಿಸಿ. ಕಳವಳ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯಲ್ಲೇ ತೀವ್ರವಾಗಿರುವುದರಿಂದ ಹಳೆಯ ಮೊಬೈಲಿನಲ್ಲಿ ಅಷ್ಟು ಹೊತ್ತನ್ನು ಚಿತ್ರೀಕರಿಸಿ ನೋಡಬೇಕು. ಇಷ್ಟದ ತಿನಿಸನ್ನೂ ಮುಟ್ಟದೆ ಬಾಗಿಲ ಬಳಿ ಏದುಸಿರು ಬಿಡುತ್ತಿದ್ದರೆ ನೀವು ಅವಸರ ಮಾಡಿದ್ದೀರಿ ಎಂದೇ ಅರ್ಥ.

ಅಭ್ಯಾಸದ ವಾರಗಳಲ್ಲಿ ದಿನವಿಡೀ ಒಂಟಿಯಾಗಿ ಬಿಟ್ಟರೆ ಕಲಿಸಿದ್ದೆಲ್ಲ ನೀರುಪಾಲು. ಮನೆಯ ಅಜ್ಜಿಯೋ ಪರಿಚಯದ ನೆರೆಯವರೋ ಜೊತೆಗಿರುವಂತೆ ಏರ್ಪಾಡು ಮಾಡಿಕೊಳ್ಳಿ. ಇಷ್ಟಾದರೂ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವ ನಾಯಿಗೆ ಅಭ್ಯಾಸದ ಜೊತೆಗೆ ಫ್ಲೂಆಕ್ಸೆಟಿನ್‌ನಂಥ ಔಷಧಿಯೂ ಬೇಕಾಗಬಹುದು. ಅದರ ಪರಿಣಾಮ ಕಾಣಲು ವಾರಗಳೇ ಹಿಡಿಯುತ್ತವೆ, ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು.