ಮಸಾಯಿ ಮಾರವೋ, ಸೆರೆಂಗೆಟಿಯೋ: ಎರಡು ಸಲ ಹೋಗಿ ಬಂದ ಮೇಲೆ

"ಆಫ್ರಿಕಾ ಸಫಾರಿಗೆ ಯಾವ ಜಾಗ ಒಳ್ಳೇದು?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾವ ತಿಂಗಳು ಹೋಗ್ತೀರಿ? ಜೊತೆಗೆ ಯಾರ್ಯಾರು ಬರ್ತಾರೆ? ನಾನು ಎರಡು ಸಲ ಹೋಗಿದ್ದೇನೆ. 2023ರ ಫೆಬ್ರವರಿಯಲ್ಲಿ ನಾನು, ಹೆಂಡತಿ ಇಬ್ಬರೇ ಸೆರೆಂಗೆಟಿ ಇರುವ ತಾಂಜಾನಿಯಾಕ್ಕೆ. 2024ರ ಅಕ್ಟೋಬರ್‌ನಲ್ಲಿ ಅಮ್ಮ ಮತ್ತು ಮಗಳನ್ನೂ ಕರೆದುಕೊಂಡು ಮಸಾಯಿ ಮಾರ ಇರುವ ಕೀನ್ಯಾಕ್ಕೆ. ಅಮ್ಮನಿಗೆ ಆಗ 66, ಮಗಳಿಗೆ 11. ಎರಡು ಸಲವೂ ಆಯ್ಕೆ ಸರಿಯಾಗಿತ್ತು ಎಂದೇ ಈಗಲೂ ಅನಿಸುತ್ತದೆ. ಆದರೆ ತಿಂಗಳು ಅದಲು ಬದಲಾಗಿದ್ದರೆ ಎರಡೂ ತಪ್ಪಾಗುತ್ತಿದ್ದವು.

ಮೊದಲ ಸಲ ನನ್ನ ತಲೆಯಲ್ಲಿದ್ದದ್ದು ಮಸಾಯಿ ಮಾರ ಒಂದೇ. ಟಿವಿಯಲ್ಲಿ ನೋಡಿದ ಆ ದೃಶ್ಯ ಎಲ್ಲರಿಗೂ ಗೊತ್ತಿರುತ್ತದೆ. ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳು ಸಾವಿರಾರು ಒಟ್ಟಿಗೆ ನದಿಗೆ ಧುಮುಕುತ್ತವೆ, ನೀರಲ್ಲಿ ಮೊಸಳೆ ಕಾಯುತ್ತಿರುತ್ತದೆ. ನಾನು ವಿಚಾರಿಸಿದ ಒಂದು ಏಜೆನ್ಸಿಯವರು ಅದೇ ಫೋಟೋ ಹಾಕಿ ಫೆಬ್ರವರಿಗೆ ಮಾರದ ಪ್ಯಾಕೇಜ್ ಕಳಿಸಿದರು. ದುಡ್ಡು ಕಟ್ಟುವ ಹಿಂದಿನ ದಿನ ರಾತ್ರಿ ಕೂತು ಓದಿದಾಗ ವಿಷಯ ಗೊತ್ತಾಯಿತು. ಫೆಬ್ರವರಿಯಲ್ಲಿ ಆ ದೊಡ್ಡ ಹಿಂಡು ಮಾರದಲ್ಲಿ ಇರುವುದೇ ಇಲ್ಲ. ಇನ್ನೊಂದು ದೇಶದಲ್ಲಿ, ದೂರದ ದಕ್ಷಿಣದಲ್ಲಿ ಇರುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಳಿದ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಮಸಾಯಿ ಮಾರ ಮತ್ತು ಸೆರೆಂಗೆಟಿ ಬೇರೆ ಬೇರೆ ಕಾಡುಗಳಲ್ಲ. ಒಂದೇ ಬಯಲಿನ ಮಧ್ಯೆ ಗಡಿ ಎಳೆದಿದ್ದಾರೆ. ಮೇಲಿನ ಸಣ್ಣ ತುಂಡು ಕೀನ್ಯಾದ ಮಾರ, ಸುಮಾರು 1,500 ಚದರ ಕಿಲೋಮೀಟರ್. ಕೆಳಗಿನದು ತಾಂಜಾನಿಯಾದ ಸೆರೆಂಗೆಟಿ, 14,700 ಚದರ ಕಿಲೋಮೀಟರಿಗೂ ಜಾಸ್ತಿ. ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ ಮಳೆಯ ಹಿಂದೆ, ಹಸಿರು ಹುಲ್ಲಿನ ಹಿಂದೆ ವರ್ಷವಿಡೀ ಈ ಬಯಲು ಸುತ್ತುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ದಕ್ಷಿಣದ ಎನ್ಡುಟು ಬಯಲಿನಲ್ಲಿ ಇರುತ್ತವೆ. ಮೇ, ಜೂನ್ ಹೊತ್ತಿಗೆ ಪಶ್ಚಿಮಕ್ಕೆ ಬರುತ್ತವೆ. ಜುಲೈಯಿಂದ ಅಕ್ಟೋಬರ್‌ವರೆಗೆ ಉತ್ತರದಲ್ಲಿ, ಮಾರ ನದಿಯ ಆಚೆ ಈಚೆ. ನವೆಂಬರ್‌ನಲ್ಲಿ ಮತ್ತೆ ದಕ್ಷಿಣಕ್ಕೆ ಇಳಿಯುತ್ತವೆ. ಮಳೆ ಹೆಚ್ಚು ಕಡಿಮೆಯಾದರೆ ಒಂದೆರಡು ವಾರ ಆಚೀಚೆ ಆಗುತ್ತದೆ.

ಹಾಗಾಗಿ ನಾವು ತಾಂಜಾನಿಯಾಕ್ಕೆ ಬದಲಾಯಿಸಿಕೊಂಡೆವು. ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಮುಂಬೈ, ನೈರೋಬಿ ಮೂಲಕ ಕಿಲಿಮಂಜಾರೋ ವಿಮಾನ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಅರುಷಾ ಊರು ಸೇರಿದೆವು. ಮುಂದೆ ಏಳು ದಿನ ಲ್ಯಾಂಡ್ ಕ್ರೂಸರ್ ಪ್ರಯಾಣ.

ಎನ್ಡುಟು ಬಗ್ಗೆ ಎಷ್ಟು ಹೇಳಿದರೂ ಸಾಲದು. ಅಲ್ಲಿ ಹುಲ್ಲು ಗಿಡ್ಡ, ಹಿಮ್ಮಡಿ ಎತ್ತರವೂ ಇಲ್ಲ. ಹತ್ತಿರದ ಜ್ವಾಲಾಮುಖಿಗಳ ಬೂದಿ ಬಿದ್ದ ಮಣ್ಣು ಅದು. ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಚೆನ್ನಾಗಿರುತ್ತದೆ, ಹಾಲೂಡುವ ತಾಯಿಗೆ ಬೇಕಾದದ್ದೂ ಅದೇ. ಹಾಗಾಗಿ ಮರಿ ಹಾಕಲು ಅಲ್ಲಿಗೇ ಬರುತ್ತವೆ. ಹೆಚ್ಚಿನವೆಲ್ಲ ಎರಡು ಮೂರು ವಾರದೊಳಗೆ ಮರಿ ಹಾಕಿಬಿಡುತ್ತವೆ. ಒಟ್ಟಿಗೆ ಅಷ್ಟು ಮರಿ ಹುಟ್ಟಿದರೆ ಸಿಂಹ, ಕತ್ತೆಕಿರುಬ ಎಷ್ಟು ತಿಂದರೂ ಬಹುಪಾಲು ಉಳಿಯುತ್ತವೆ. ಒಂದು ಬೆಳಿಗ್ಗೆ ನಮ್ಮ ಗಾಡಿಯಿಂದ ಐವತ್ತು ಅಡಿ ದೂರದಲ್ಲಿ ಒಂದು ಮರಿ ಹುಟ್ಟಿತು. ನಾನು ಗಡಿಯಾರ ನೋಡಿದೆ. ಏಳು ನಿಮಿಷಕ್ಕೆ ಎದ್ದು ನಿಂತಿತು. ಮೂರು ಸಲ ಬಿತ್ತು, ನಾಲ್ಕನೇ ಸಲ ನಿಂತಿತು. ಸ್ವಲ್ಪ ಹೊತ್ತಿಗೆ ತಾಯಿಯ ಪಕ್ಕದಲ್ಲಿ ಓಡುತ್ತಿತ್ತು. ಹೆಂಡತಿ ಕ್ಯಾಮೆರಾ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತಳು. ನದಿ ದಾಟುವುದನ್ನು ನೋಡಲಿಲ್ಲ ಎಂಬ ಕೊರಗು ನನಗೆ ಅಲ್ಲೇ ಹೋಯಿತು.

ಆಮೇಲೆ ಎನ್ಗೊರೊಂಗೊರೊ. ಕುಸಿದುಹೋದ ಹಳೇ ಜ್ವಾಲಾಮುಖಿಯ ದೊಡ್ಡ ಬಟ್ಟಲು ಅದು. ತಳ ಸುಮಾರು 260 ಚದರ ಕಿಲೋಮೀಟರ್, ಅಂಚಿನಿಂದ ಕೆಳಕ್ಕೆ 600 ಮೀಟರ್ ಇಳಿಯಬೇಕು. ಬೆಳಿಗ್ಗೆ ಅಂಚಿನಲ್ಲಿ ಮಂಜು, ಕೈ ಮರಗಟ್ಟುವ ಚಳಿ. ಕಪ್ಪು ಘೇಂಡಾಮೃಗ ನಮಗೆ ಸಿಕ್ಕಿದ್ದು ಅಲ್ಲೇ, ದೂರದಲ್ಲಿ ಒಂದು ಕಲ್ಲಿನ ಹಾಗೆ. ಬಟ್ಟಲಿನೊಳಗೆ ಜಿರಾಫೆ ಇಲ್ಲ. ಸಮಯ ಕಡಿಮೆ ಇರುವವರಿಗೆ ಒಂದೇ ದಿನದಲ್ಲಿ ಇಷ್ಟು ಪ್ರಾಣಿ ಸಿಗುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ಆದರೆ ಒಂದು ದಿನ ಸಾಕು.

ಆ ಪ್ರವಾಸದಲ್ಲಿ ನಾನು ಮಾಡಿದ ತಪ್ಪು ತರಂಗಿರೆಯದು. ಆನೆಗೆ ಹೆಸರಾದ ಜಾಗ ಅಂತ ಒಂದು ದಿನ ಇಟ್ಟಿದ್ದೆ. ದೈತ್ಯ ಬಾವೊಬಾಬ್ ಮರಗಳು ಚೆನ್ನಾಗಿವೆ, ನಿಜ. ಆದರೆ ಆನೆಗಳು ತರಂಗಿರೆ ನದಿಗೆ ಬಂದು ಸೇರುವುದು ಸುತ್ತಲ ನೀರೆಲ್ಲ ಒಣಗುವ ಜೂನ್‌ನಿಂದ ಅಕ್ಟೋಬರ್‌ವರೆಗೆ. ಫೆಬ್ರವರಿಯಲ್ಲಿ ಅವು ಪಾರ್ಕಿನ ಹೊರಗೂ ಚದುರಿಹೋಗಿರುತ್ತವೆ. ನಮಗೆ ಹೆಚ್ಚಾಗಿ ಸಿಕ್ಕಿದ್ದು ಟ್ಸೆಟ್ಸೆ ನೊಣ. ಬಟ್ಟೆ ಮೇಲಿಂದಲೇ ಕಚ್ಚುತ್ತದೆ. ಕಡು ನೀಲಿ, ಕಪ್ಪು ಬಣ್ಣಕ್ಕೆ ಅದು ಬರುತ್ತದೆ ಅಂತ ಡ್ರೈವರ್ ಹೇಳುವ ಹೊತ್ತಿಗೆ ನಾನು ನೀಲಿ ಜೀನ್ಸ್ ಹಾಕಿ ಕೂತಿದ್ದೆ. ಮಣ್ಣಿನ ಬಣ್ಣದ ಬಟ್ಟೆಯನ್ನೇ ತೆಗೆದುಕೊಂಡು ಹೋಗಿ.

ಮನೆಗೆ ಬಂದು ಫೋಟೋ ತೋರಿಸುವಾಗ ಅಮ್ಮ ಒಂದೇ ಮಾತು ಹೇಳಿದರು. "ನನಗೆ ಆನೆ ನೋಡಬೇಕು ಕಣೋ. ಕಾಲು ಗಟ್ಟಿ ಇರುವಾಗಲೇ ಕರ್ಕೊಂಡು ಹೋಗು."

ಈಗ ಲೆಕ್ಕ ಬೇರೆಯಾಯಿತು. ಮಗಳ ಶಾಲೆಗೆ ದೊಡ್ಡ ರಜೆ ಏಪ್ರಿಲ್, ಮೇ. ನಮ್ಮ ಕಡೆಯವರು ತುಂಬಾ ಜನ ಆಗಲೇ ಹೊರಡಲು ನೋಡುತ್ತಾರೆ. ಆದರೆ ಪೂರ್ವ ಆಫ್ರಿಕಾದಲ್ಲಿ ಮಾರ್ಚ್ ಕೊನೆಯಿಂದ ಮೇವರೆಗೆ ದೊಡ್ಡ ಮಳೆಗಾಲ. ಕಪ್ಪು ಮಣ್ಣಿನ ದಾರಿಯಲ್ಲಿ ಗಾಡಿ ಹೂತುಕೊಳ್ಳುತ್ತದೆ, ಕೆಲವು ಕ್ಯಾಂಪ್‌ಗಳು ಬಾಗಿಲೇ ಹಾಕಿರುತ್ತವೆ. ಬೆಲೆ ಕಡಿಮೆ ಅನ್ನುವುದು ನಿಜ. ಆದರೂ ವಯಸ್ಸಾದವರನ್ನು ಕರೆದುಕೊಂಡು ಆಗ ಹೋಗಬೇಡಿ ಎಂದೇ ನಾನು ಹೇಳುವುದು. ಉಳಿದದ್ದು ದಸರಾ ರಜೆ. ಅಕ್ಟೋಬರ್ ಆ ಕಡೆ ಒಣಗಾಲದ ಕೊನೆ, ಹುಲ್ಲು ಕಡಿಮೆ, ಪ್ರಾಣಿ ಚೆನ್ನಾಗಿ ಕಾಣುತ್ತವೆ. ಹಿಂಡೂ ಮಾರದ ಸುತ್ತಮುತ್ತ ಇನ್ನೂ ಇರುತ್ತದೆ.

ಅಕ್ಟೋಬರ್‌ನಲ್ಲಿ ಸೆರೆಂಗೆಟಿಯ ಉತ್ತರ ಭಾಗ ಕೂಡ ಚೆನ್ನಾಗಿಯೇ ಇರುತ್ತದೆ. ಹಾಗಿದ್ದೂ ಕೀನ್ಯಾ ಆರಿಸಿದ್ದಕ್ಕೆ ಕಾರಣ ಅಮ್ಮನ ಬೆನ್ನು. ಸೆರೆಂಗೆಟಿ ಕಡೆಯ ರಸ್ತೆ ಗಂಟೆಗಟ್ಟಲೆ ಕುಲುಕಿಸುತ್ತದೆ. ಆ ಬಯಲಿನ ಉತ್ತರದ ತುದಿ ತಲುಪುವುದಕ್ಕೇ ಅರುಷಾದಿಂದ ಎರಡು ದಿನ ಬೇಕು, ಇಲ್ಲವೇ ಸಣ್ಣ ವಿಮಾನ ಹಿಡಿಯಬೇಕು. ನೈರೋಬಿಯಿಂದ ಮಾರಕ್ಕೆ ಐದಾರು ಗಂಟೆ, ಹೆಚ್ಚಿನದು ಡಾಂಬರು ರಸ್ತೆ. "ಎರಡೂ ದೇಶ ಒಂದೇ ಸಲ ಮಾಡೋಣ" ಅಂತ ಹೆಂಡತಿ ಹೇಳಿದ್ದಳು. ನಕ್ಷೆಯಲ್ಲಿ ಪಕ್ಕಪಕ್ಕವೇ ಕಾಣುತ್ತದೆ. ಆದರೆ ಮಾರದಿಂದ ಸೆರೆಂಗೆಟಿಗೆ ಪ್ರವಾಸಿಗರು ನೇರ ದಾಟುವಂತಿಲ್ಲ. ಸುತ್ತು ಹಾಕಿ ಇಸೆಬಾನಿಯಾ ಗಡಿಗೆ ಹೋಗಿ, ಅಲ್ಲಿ ಗಾಡಿಯನ್ನೂ ಬದಲಾಯಿಸಬೇಕು. ಹತ್ತು ದಿನಕ್ಕಿಂತ ಕಡಿಮೆ ಇದ್ದರೆ ಒಂದೇ ದೇಶ ಸಾಕು.

ನಮ್ಮ ಪಟ್ಟಿ ಹೀಗಿತ್ತು: ಆನೆಗಳಿರುವ ಅಂಬೊಸೆಲಿ ಪಾರ್ಕ್ ಎರಡು ರಾತ್ರಿ, ನೈವಾಷಾ ಕೆರೆ ಎರಡು, ಮಾರ ಮೂರು. ಏಜೆನ್ಸಿಯವರು ನಕುರು ಕೆರೆಯನ್ನೂ ತುರುಕಲು ನೋಡಿದರು. ನಾನು ಬೇಡ ಅಂದೆ. ನಕುರುವಿನಲ್ಲಿ ಘೇಂಡಾಮೃಗ ಸುಲಭವಾಗಿ ಸಿಗುತ್ತದೆ. ಆದರೆ ಹಳೇ ಫೋಟೋಗಳಲ್ಲಿನ ಗುಲಾಬಿ ರಾಜಹಂಸಗಳ ಸಾಲನ್ನು ನಂಬಿ ಹೋಗಬೇಡಿ. ಕೆರೆಯ ನೀರು ಏರಿದ ಮೇಲೆ ಅವು ಅಲ್ಲಿ ಕಡಿಮೆಯಾಗಿವೆ, ಬೊಗೋರಿಯಾದಂಥ ಬೇರೆ ಕೆರೆಗಳಿಗೆ ಹೋಗಿವೆ. ಬದಲಿಗೆ ನೈವಾಷಾದಲ್ಲಿ ಎರಡು ರಾತ್ರಿ ಉಳಿದದ್ದು ಅಮ್ಮನಿಗೆ ಬೆನ್ನು ಚಾಚಲು ಸಮಯ ಕೊಟ್ಟಿತು. ಅಲ್ಲಿ ಕ್ರೆಸೆಂಟ್ ಐಲ್ಯಾಂಡ್ ಅಂತ ಒಂದು ಜಾಗ ಇದೆ. ಸಿಂಹ, ಚಿರತೆ ಇಲ್ಲ, ಗಾಡಿಯಿಂದ ಇಳಿದು ನಡೆಯಬಹುದು. ಅಮ್ಮ ಮೊಮ್ಮಗಳ ಕೈ ಹಿಡಿದು ಜಿರಾಫೆಗಳ ನಡುವೆ ಒಂದು ಗಂಟೆ ನಡೆದರು. ಮಗಳಿಗೆ ಈಗಲೂ ಆ ಇಡೀ ಪ್ರವಾಸದಲ್ಲಿ ಅದೇ ಇಷ್ಟ.

ನಮ್ಮ ಡ್ರೈವರ್ ಮೊಂಬಾಸಾ ಕಡೆಯವರು. ಮೊದಲ ದಿನ ಅಮ್ಮನನ್ನು ನೋಡಿದ ಕೂಡಲೇ ತಲೆ ಬಗ್ಗಿಸಿ "ಶಿಕಾಮೂ, ಮಾಮಾ" ಅಂದರು. ಸ್ವಾಹಿಲಿಯಲ್ಲಿ ಹಿರಿಯರಿಗೆ ಹೇಳುವ ನಮಸ್ಕಾರ. ಕಾಲು ಹಿಡಿಯುತ್ತೇನೆ ಅನ್ನುವುದು ಅದರ ಮೂಲ ಅರ್ಥವಂತೆ. ಹಿರಿಯರು "ಮರಹಬಾ" ಅನ್ನಬೇಕು. ಅಮ್ಮ ಎರಡನೇ ದಿನಕ್ಕೆ ಕಲಿತುಬಿಟ್ಟರು. ಊಟದ ಚಿಂತೆಯೂ ಅವರಿಗೆ ಹೋಯಿತು. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಹೆಸರು. ಹೆಸರುಕಾಳಿನ ಸಾರು, ಸುಕುಮಾ ಎಂಬ ಸೊಪ್ಪಿನ ಪಲ್ಯ, ಮುಸುಕಿನ ಜೋಳದ ಹಿಟ್ಟಿನ ಉಗಾಲಿ. ಅದು ನಮ್ಮ ಮುದ್ದೆಯ ದಾಯಾದಿಯೇ. ರಾಗಿ ಮುದ್ದೆ ತಿಂದು ಬೆಳೆದ ಅಮ್ಮ ಅದನ್ನು ಮುರಿದು ಸಾರಲ್ಲಿ ಅದ್ದಿ ನುಂಗಿದ್ದು ನೋಡಿ ಅಡುಗೆಯವರಿಗೆ ಖುಷಿಯೋ ಖುಷಿ.

ಅಂಬೊಸೆಲಿ ಅಮ್ಮನಿಗಾಗಿ ಆರಿಸಿದ್ದು. ಆರು ಗಂಟೆಗೇ ಹೊರಟೆವು. ಕಿಲಿಮಂಜಾರೋ 5,895 ಮೀಟರ್, ಅದು ಇರುವುದು ತಾಂಜಾನಿಯಾದಲ್ಲಿ. ಆದರೆ ಅದರ ಪೂರ್ತಿ ನೋಟ ಸಿಗುವುದು ಗಡಿಯ ಈಚೆ ಅಂಬೊಸೆಲಿಯಿಂದ. ಬೆಳಗಾದ ಮೇಲೆ ಒಂದೆರಡು ಗಂಟೆ ಹೊತ್ತು ಮಾತ್ರ, ಆಮೇಲೆ ಮೋಡ ಮುಚ್ಚುತ್ತದೆ. ಬೆಟ್ಟದ ನೀರು ನೆಲದೊಳಗೆ ಇಳಿದು ಬಂದು ಇಲ್ಲಿ ಜವುಗಾಗಿ ಉಕ್ಕುತ್ತದೆ, ಆನೆಗಳು ಅದಕ್ಕೇ ಬರುತ್ತವೆ. ಒಂದು ಹಿಂಡು ನಮ್ಮ ಮುಂದೆಯೇ ರಸ್ತೆ ದಾಟಿತು, ಮರಿ ಸೇರಿ ಇಪ್ಪತ್ಮೂರು. "ಅಯ್ಯೋ, ಹೆಣ್ಣಾನೆಗೂ ದಂತ!" ಅಂದರು ಅಮ್ಮ. ನಾಗರಹೊಳೆಯಲ್ಲಿ ಕಂಡ ಹೆಣ್ಣಾನೆಗಳಿಗೆ ಹೀಗೆ ದಂತ ಇರಲಿಲ್ಲವಲ್ಲ. ಆಮೇಲೆ ತುಂಬಾ ಹೊತ್ತು ಮಾತೇ ಆಡಲಿಲ್ಲ. ಆನೆ, ಅದರ ಹಿಂದೆ ಹಿಮದ ಬೆಟ್ಟ. ಅವರ ಕಣ್ಣು ಒದ್ದೆಯಾಗಿತ್ತು.

ಮಾರದಲ್ಲಿ ದುಡ್ಡಿನ ಲೆಕ್ಕ ಹುಷಾರಾಗಿ ಮಾಡಬೇಕು. 2024ರಿಂದ ಪ್ರತಿ ವರ್ಷ ಜುಲೈಯಿಂದ ಡಿಸೆಂಬರ್‌ವರೆಗೆ ಹೊರದೇಶದ ದೊಡ್ಡವರಿಗೆ ದಿನಕ್ಕೆ 200 ಡಾಲರ್ ಪ್ರವೇಶ ಶುಲ್ಕ. ಜನವರಿಯಿಂದ ಜೂನ್‌ವರೆಗೆ 100. ಮಗಳ ವಯಸ್ಸಿನವರಿಗೆ 50. ಅಂದರೆ ನಮ್ಮ ನಾಲ್ವರಿಗೆ ದಿನಕ್ಕೆ 650 ಡಾಲರ್. ಆಗಿನ ಲೆಕ್ಕದಲ್ಲಿ 54 ಸಾವಿರ ರೂಪಾಯಿ ಮೇಲೆ, ಅದೂ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ. ತಾಂಜಾನಿಯಾದಲ್ಲೂ ಅಗ್ಗವೇನಲ್ಲ. ಸೆರೆಂಗೆಟಿಗೆ ತೆರಿಗೆ ಸೇರಿ ಒಬ್ಬರಿಗೆ 24 ಗಂಟೆಗೆ 70-80 ಡಾಲರ್ ಆಸುಪಾಸು. ಎನ್ಗೊರೊಂಗೊರೊ ಬಟ್ಟಲಿಗೆ ಇಳಿಯಲು ಒಂದು ಗಾಡಿಗೆ ಬೇರೆಯಾಗಿ 295 ಡಾಲರ್. ಪ್ಯಾಕೇಜ್ ಬೆಲೆಯಲ್ಲಿ ಇವೆಲ್ಲ ಸೇರಿದೆಯೋ ಇಲ್ಲವೋ ಬರಹದಲ್ಲಿ ಕೇಳಿ ಪಡೆಯಿರಿ.

ನಾವು ಮಾರದ ಮೂರು ರಾತ್ರಿಯನ್ನೂ ಪಕ್ಕದ ಒಂದು ಕನ್ಸರ್ವೆನ್ಸಿಯಲ್ಲಿ ಕಳೆದು, ಮುಖ್ಯ ಮಾರದ ಒಳಗೆ ಒಂದೇ ದಿನ ಹೋದೆವು. ಕನ್ಸರ್ವೆನ್ಸಿ ಅಂದರೆ ಮಸಾಯಿ ಕುಟುಂಬಗಳ ಸ್ವಂತ ಜಮೀನು. ಅದನ್ನು ಗುತ್ತಿಗೆಗೆ ಕೊಟ್ಟು ಅವರು ಬಾಡಿಗೆ ಪಡೆಯುತ್ತಾರೆ. ಗಾಡಿಗಳ ಸಂಖ್ಯೆಗೆ ಮಿತಿ ಇದೆ. ರಾತ್ರಿ ಸಫಾರಿ ಉಂಟು, ದಾರಿ ಬಿಟ್ಟು ಪ್ರಾಣಿಯ ಹತ್ತಿರಕ್ಕೂ ಹೋಗಬಹುದು. ಮುಖ್ಯ ಮಾರದಲ್ಲಿ ಇವಕ್ಕೆಲ್ಲ ಅವಕಾಶ ಇಲ್ಲ. ಒಂದು ಚೀತಾ ತಾಯಿ, ಮೂರು ಮರಿ, ನಮ್ಮದೊಂದೇ ಗಾಡಿ. ಮುಕ್ಕಾಲು ಗಂಟೆ ಹಾಗೇ ಇದ್ದೆವು.

ನದಿಯ ದಿನ ಬೇರೆ ತರಹ. ಹಿಂಡು ಬಂದು ದಡದಲ್ಲಿ ನಿಂತಿತ್ತು. ಮೂರೂವರೆ ಗಂಟೆ ಕಾದೆವು. ಆಚೆ ಈಚೆ ಲೆಕ್ಕವಿಲ್ಲದಷ್ಟು ಗಾಡಿ. ಒಂದು ಜೀಬ್ರಾ ನೀರಿಗೆ ಕಾಲಿಟ್ಟು ಹಿಂದೆ ಸರಿಯಿತು. ಇಡೀ ಹಿಂಡು ತಿರುಗಿ ಹೋಯಿತು. ನದಿ ದಾಟುವುದನ್ನು ನೋಡಲೇಬೇಕು ಅನ್ನುವವರು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗಿ, ನದಿ ಹತ್ತಿರ ಕನಿಷ್ಠ ಮೂರು ದಿನ ಇಡಿ. ನಮ್ಮ ಹಾಗೆ ಒಂದು ದಿನ ಇಟ್ಟರೆ ಆಸೆ ಇಟ್ಟುಕೊಳ್ಳಬೇಡಿ.

ಹೊರಡುವ ಮೊದಲಿನ ಕೆಲಸಗಳಲ್ಲಿ ಹಳದಿ ಜ್ವರದ ಲಸಿಕೆ ಎಲ್ಲಕ್ಕಿಂತ ಮುಖ್ಯ. ಪ್ರಯಾಣಕ್ಕೆ ಹತ್ತು ದಿನ ಮೊದಲಾದರೂ ಆಗಿರಬೇಕು. ಆ ಕಾರ್ಡ್ ಇಲ್ಲದೆ ಭಾರತಕ್ಕೆ ವಾಪಸ್ ಬಂದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಒಮ್ಮೆ ಹಾಕಿಸಿದರೆ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ. 60 ದಾಟಿದವರಿಗೆ ಈ ಲಸಿಕೆಯಿಂದ ತೊಂದರೆಯ ಸಾಧ್ಯತೆ ಸ್ವಲ್ಪ ಹೆಚ್ಚು. ಹಾಗಾಗಿ ಅಮ್ಮನನ್ನು ಮೊದಲು ನಮ್ಮ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಅವರು ನೋಡಿ ಆಗಬಹುದು ಅಂದ ಮೇಲೆಯೇ ಹಾಕಿಸಿದೆ. ಟಿಕೆಟ್ ತೆಗೆಯುವುದಕ್ಕೆ ಮುಂಚೆ ಇದನ್ನು ಮಾಡಿ. ಪ್ಲಾಸ್ಟಿಕ್ ಕೈಚೀಲ ಒಯ್ಯಬೇಡಿ, ಎರಡೂ ದೇಶದಲ್ಲಿ ನಿಷೇಧ ಇದೆ. ಅಮ್ಮ ಚಕ್ಕುಲಿ, ಕೋಡುಬಳೆಯನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡರು.

ಉಗಾಂಡಾ, ರುವಾಂಡಾದ ಗೊರಿಲ್ಲಾ ನೋಡುವುದನ್ನು ಎರಡು ಸಲವೂ ಬಿಟ್ಟೆವು. ಅದಕ್ಕೆ 15 ವರ್ಷ ತುಂಬಿರಬೇಕು. ದಟ್ಟ ಕಾಡಿನ ಕಡಿದಾದ ಇಳಿಜಾರಿನಲ್ಲಿ ಗಂಟೆಗಟ್ಟಲೆ ನಡೆಯಬೇಕು. ಗೊರಿಲ್ಲಾ ಸಿಕ್ಕ ಮೇಲೆ ಅವುಗಳ ಜೊತೆ ಇರಲು ಕೊಡುವುದು ಒಂದು ಗಂಟೆ. ರುವಾಂಡಾದಲ್ಲಿ ಒಬ್ಬರ ಪರ್ಮಿಟ್‌ಗೆ 1,500 ಡಾಲರ್, ಉಗಾಂಡಾದಲ್ಲಿ 800. ನಾವು ಉಗಾಂಡಾದ ಬ್ವಿಂಡಿ ಕಾಡು ಎಂದು ಈಗಲೇ ಗೊತ್ತು ಮಾಡಿದ್ದೇವೆ. ಮಗಳ ಎಸ್ಸೆಸ್ಸೆಲ್ಸಿ ಮುಗಿದ ವರ್ಷ, ಜೂನ್ ಮೊದಲ ವಾರ, ಅಲ್ಲಿ ಮಳೆ ಇಳಿಮುಖವಾಗುವ ಹೊತ್ತಿಗೆ. ಅಷ್ಟರೊಳಗೆ ಕಾಲು ಪಳಗಲಿ ಅಂತ ಅವಳೂ ನಾನೂ ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೇವೆ. ಅಮ್ಮ ನಂದಿಯವರೆಗೆ ಕಾರಲ್ಲಿ ಬಂದು, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಕಾಯುತ್ತಾರೆ.