ಅಮಲೇರಿದ ಪ್ರಯಾಣಿಕರು: ಕ್ಯಾಬಿನ್ ಮೇಲ್ವಿಚಾರಕಿಯ ಅನುಭವ

ಭಾರತದೊಳಗಿನ ವಿಮಾನಗಳಲ್ಲಿ ಮದ್ಯ ಕೊಡುವುದಿಲ್ಲವಾದ್ದರಿಂದ ಕುಡಿದವರ ಗಲಾಟೆ ವಿದೇಶಯಾನಕ್ಕೆ ಮಾತ್ರ ಸೇರಿದ್ದೆಂದು ಹಲವರು ಭಾವಿಸುತ್ತಾರೆ. ಬೆಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಹೋಗುವ ವಿಮಾನಗಳಲ್ಲಿ ಕ್ಯಾಬಿನ್ ಮೇಲ್ವಿಚಾರಕಿಯಾಗಿ ದುಡಿದಿರುವ ನಾನು ಕಂಡಂತೆ, ತೊಂದರೆ ಕೊಟ್ಟವರಲ್ಲಿ ಬಹಳ ಮಂದಿ ವಿಮಾನ ಹತ್ತುವ ಮೊದಲೇ ಕುಡಿದು ಬಂದವರು. ನಿಲ್ದಾಣದ ಬಾರ್‌ಗೆ ಒಳನಾಡು, ಹೊರನಾಡು ಎಂಬ ಭೇದವಿಲ್ಲ.

ಆದ್ದರಿಂದ ನನ್ನ ಕೆಲಸ ಬಾಗಿಲಲ್ಲೇ ಆರಂಭವಾಗುತ್ತದೆ. ಕೈಮುಗಿದು ಸ್ವಾಗತಿಸುವಾಗಲೇ ಪ್ರಯಾಣಿಕರ ನಡಿಗೆ, ಕಣ್ಣು, ಉಸಿರಿನ ವಾಸನೆಗಳನ್ನು ಗಮನಿಸುತ್ತೇನೆ. ಅನುಮಾನ ಬಂದರೆ ಆಸನದ ಸಂಖ್ಯೆ ಕೇಳುವ ನೆಪದಲ್ಲಿ ಮಾತಿಗೆಳೆಯುತ್ತೇನೆ. ನಾಲಿಗೆ ತೊದಲಿದರೆ ಬಾಗಿಲು ಮುಚ್ಚುವ ಮೊದಲೇ ಕ್ಯಾಪ್ಟನ್‌ಗೆ ತಿಳಿಸುತ್ತೇನೆ. ಒಬ್ಬರನ್ನು ಇಳಿಸಬೇಕಾದರೆ ಅವರ ಚೀಲವನ್ನೂ ಹುಡುಕಿ ಇಳಿಸಬೇಕು, ವಿಮಾನ ತಡವಾಗುತ್ತದೆ, ನೆಲದ ಸಿಬ್ಬಂದಿಯ ಮುಖ ಗಂಟಿಕ್ಕುತ್ತದೆ. ಆದರೂ ಅರಬ್ಬೀ ಸಮುದ್ರದ ಮೇಲೆ ಕೈಕಾಲು ಕಟ್ಟುವ ಪ್ರಸಂಗಕ್ಕಿಂತ ಈ ವಿಳಂಬವೇ ಮೇಲು. ಹಾಗೆ ಪ್ರಯಾಣಿಕರನ್ನು ಇಳಿಸಿದ ಸಿಬ್ಬಂದಿಯನ್ನು ವಿಮಾನ ಸಂಸ್ಥೆ ಮರುದಿನ ಕರೆದು ಪ್ರಶ್ನಿಸುವುದನ್ನು ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಹಾರುವಾಗ ಕ್ಯಾಬಿನ್ನಿನ ಗಾಳಿಯೊತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟು, ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲಿರುವಷ್ಟು ಅಥವಾ ಅದಕ್ಕಿಂತಲೂ ಕಡಿಮೆ ಇರುತ್ತದೆ. ಅದರ ಜೊತೆಗೆ ನಿದ್ದೆಗೇಡು, ಖಾಲಿ ಹೊಟ್ಟೆ ಸೇರಿದರೆ ಎರಡು ಪೆಗ್ಗೂ ಹೆಚ್ಚಾಗಬಹುದು. ಮುಂದಿನ ಪಾನೀಯದ ಗಾಡಿಯಲ್ಲಿ ಒಂದು, ಹಿಂದಿನ ಗ್ಯಾಲಿಗೆ (ವಿಮಾನದ ಅಡುಗೆಕಟ್ಟೆಗೆ) ಬಂದು ಇನ್ನೊಂದು ಕೇಳುವವರು ಇರುವುದರಿಂದ, ಯಾವ ಆಸನಕ್ಕೆ ಎಷ್ಟು ಹೋಯಿತೆಂಬ ಚೀಟಿಯನ್ನು ಎರಡೂ ಗ್ಯಾಲಿಗಳ ನಡುವೆ ಓಡಾಡಿಸುತ್ತೇವೆ. ಈ ಲೆಕ್ಕವನ್ನೂ ತಪ್ಪಿಸುವುದು ಡ್ಯೂಟಿ ಫ್ರೀ ಬಾಟಲಿ. ಕಾಫಿ ಲೋಟದಲ್ಲಿ ಹಬೆಯಿಲ್ಲದಿದ್ದರೆ, ಇಲ್ಲವೇ ಮೂರು ಗೆಳೆಯರು ಒಂದೇ ಕೋಕ್ ಡಬ್ಬಿಯನ್ನು ಬಹಳ ಹೊತ್ತು ಹಂಚಿಕೊಳ್ಳುತ್ತಿದ್ದರೆ ಕಾಲಡಿಯ ಚೀಲವನ್ನು ನೋಡಲೇಬೇಕು. ಬಾಟಲಿಯನ್ನು ಪಡೆದು, ಇಳಿಯುವಾಗ ಹಿಂದಿರುಗಿಸುವುದಾಗಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಇನ್ನು ಕೊಡುವುದಿಲ್ಲ ಎಂದು ಹೇಳುವ ರೀತಿಯಲ್ಲೇ ಎಲ್ಲವೂ ಇದೆ. ನಿಂತು ಹೇಳಿದರೆ ಸುತ್ತಲಿನವರಿಗೆಲ್ಲ ಕೇಳಿಸುತ್ತದೆ, ಕುಡಿದವರಿಗೆ ಮಾನ ಹೋದಂತಾಗುತ್ತದೆ. ಹಾಗಾಗಿ ಆಸನದ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ‘ಸರ್, ಮೊದಲು ಊಟ ಮಾಡಿ, ನೀರು ತಂದುಕೊಡುತ್ತೇನೆ’ ಎನ್ನುತ್ತೇನೆ. ಕನ್ನಡದವರಾಗಿದ್ದರೆ ಊರು ಯಾವುದೆಂದು ವಿಚಾರಿಸುತ್ತೇನೆ. ಒಬ್ಬ ಸಿಬ್ಬಂದಿಯ ಮೇಲೆ ಸಿಟ್ಟು ತಿರುಗಿದರೆ ಆಕೆಯನ್ನು ಕೂಡಲೇ ಅಲ್ಲಿಂದ ಸರಿಸಿ ಬೇರೊಬ್ಬರನ್ನು ಕಳಿಸುತ್ತೇನೆ. ಪಕ್ಕದಲ್ಲಿ ಮಹಿಳೆ, ಮಕ್ಕಳು ಅಥವಾ ವೃದ್ಧರಿದ್ದರೆ ಅವರೇ ದೂರುವ ತನಕ ಕಾಯದೆ ಬೇರೆ ಆಸನ ಕೊಡಿಸುತ್ತೇನೆ. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ ಸಹಪ್ರಯಾಣಿಕನೊಬ್ಬ ತನ್ನ ಮೇಲೆ ಮೂತ್ರ ಮಾಡಿದನೆಂದು ವೃದ್ಧೆಯೊಬ್ಬರು ದೂರಿದ್ದು, ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಏರ್ ಇಂಡಿಯಾಗೆ 30 ಲಕ್ಷ ರೂಪಾಯಿ ದಂಡ ಹಾಕಿ ಪೈಲಟ್‌ನ ಪರವಾನಗಿಯನ್ನು ಮೂರು ತಿಂಗಳು ಅಮಾನತು ಮಾಡಿದ್ದು ನಮ್ಮ ವೃತ್ತಿಯವರಿಗೆಲ್ಲ ನೆನಪಿದೆ.

ಮಾತು ಫಲಿಸದಿದ್ದರೆ ಲಿಖಿತ ಎಚ್ಚರಿಕೆ, ಕೊನೆಗೆ ಕ್ಯಾಪ್ಟನ್ ಅನುಮತಿಯೊಂದಿಗೆ ಪ್ಲಾಸ್ಟಿಕ್ ಕೋಳ. ಅದರ ಬಗ್ಗೆ ತರಬೇತಿ ಇದೆ, ವಿವರ ಬೇಡ.

ಇಳಿದ ಮೇಲಿನ ವರದಿಯನ್ನು ಮಾತ್ರ ಬಹಳ ಎಚ್ಚರದಿಂದ ಬರೆಯುತ್ತೇನೆ. ಡಿಜಿಸಿಎ 2017ರಲ್ಲಿ ರೂಪಿಸಿದ ನಿಯಮಗಳಲ್ಲಿ ಅನುಚಿತ ವರ್ತನೆಗೆ ಮೂರು ಹಂತಗಳಿವೆ: ಬೈಗುಳ, ಕುಡಿದು ಗಲಾಟೆ ಮಾಡುವುದಕ್ಕೆ ಮೂರು ತಿಂಗಳವರೆಗೆ, ಮೈಮೇಲೆ ಕೈ ಹಾಕಿದರೆ ಆರು ತಿಂಗಳವರೆಗೆ, ಪ್ರಾಣಕ್ಕೆ ಅಪಾಯ ತಂದರೆ ಎರಡು ವರ್ಷ ಅಥವಾ ಹೆಚ್ಚಿನ ನಿಷೇಧ. ಇದನ್ನು ನಿರ್ಧರಿಸುವ ಸಮಿತಿಗೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ‘ತುಂಬಾ ಕುಡಿದಿದ್ದರು’ ಎಂಬ ಒಂದು ಸಾಲು ಅವರಿಗೆ ಸಾಲದು. ಯಾವ ಹೊತ್ತಿಗೆ ಏನು ಕೊಟ್ಟೆವು, ಯಾವ ಮಾತಾಡಿದರು, ಯಾವ ಆಸನದವರು ಸಾಕ್ಷಿ ಎಂಬುದೆಲ್ಲ ಬೇಕು. ಇಷ್ಟು ಬರೆದುಕೊಟ್ಟು, ರಾತ್ರಿಪಾಳಿ ಮುಗಿಸಿ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕಾಯುವ ಹುಡುಗಿಯ ಜೊತೆ ಸಂಸ್ಥೆಯ ಒಬ್ಬ ಅಧಿಕಾರಿಯಾದರೂ ಇರಬೇಕೆಂಬುದು ನನ್ನ ಬೇಡಿಕೆ. ಇಲ್ಲವಾದರೆ ಮುಂದಿನ ಸಲ ಆಕೆ ದೂರು ಕೊಡುವುದಿಲ್ಲ.